ಯಾರೂ ಓದದ ಪುಸ್ತಕಗಳ ಪಟ್ಟಿ

ಒಂದಾನೊಂದು ಕಾಲದಲ್ಲಿ ಒಂದು ಕೋಣೆ ಇತ್ತಂತೆ, ಕೋಣೆ ತುಂಬ ಪುಸ್ತಕಗಳಿದ್ದವಂತೆ, ಕಾಯೋದಕ್ಕೆ ಒಬ್ಬಳು ಹುಡುಗಿ ಇದ್ದಳಂತೆ, ಒಂದು ದಿನ ಅವಳ ಕಣ್ಣೆದುರೇ — ಪರ್ರ್ ಅಂತ ಮತ್ತೆ ಟೇಪು ಎಳೆದ ಸದ್ದು, ಲೈಬ್ರರಿ ಮಿಸ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಕಥೆ ಅಲ್ಲಿಗೇ ಹರಿಯಿತು, ಶಾಲೆಯ ಜವಾನ ಮಾಮ ಮೂವತ್ತೊಂದನೇ ಪೆಟ್ಟಿಗೆಯ ಬಾಯಿ ಮುಚ್ಚಿ ಟೇಪನ್ನು ಹಲ್ಲಿನಿಂದಲೇ ಕಡಿಯುತ್ತಾನೆ, ಕತ್ತರಿ ಇದೆಯಲ್ಲ ಮಾಮ, ಇರಲಿ ಬಿಡಮ್ಮ, ಹಲ್ಲು ಇರೋವರೆಗೆ ಕತ್ತರಿ ಯಾಕೆ, ಬಿದ್ದ ಮೇಲೆ ಕೇಳ್ತೀನಿ. ಇಷ್ಟು ಖುಷಿ ಯಾಕೋ ಇವನಿಗೆ, ಬೆಳಿಗ್ಗೆಯಿಂದ ಸಿಳ್ಳೆ ಬೇರೆ, ಎಲ್ಲ ಬೀಗದ ಕೈಯೂ ಇವನ ಸೊಂಟದಲ್ಲೇ, ಅವಳಿಲ್ಲದ ಹೊತ್ತು ನೋಡಿ ಲೈಬ್ರರಿ ಬಾಗಿಲು ತೆಗೆದವನು ಇವನೇ ಯಾಕಾಗಿರಬಾರದು, ಇದು ನಮ್ಮ ಕಥೆ ಮಿಸ್ಸಿಗೆ ಪ್ರಾಣ ಕಣ್ರೀ, ಇದನ್ನೂ ಬರ್ಕೊಳ್ಳಿ ಅಂತ ಯಾರಿಗೋ ಬೆರಳು ಮಾಡಿ ತೋರಿಸಿದವನು. ಇಲ್ಲದಿದ್ದರೆ ರದ್ದಿಗೆ ಹಾಕೋ ಪಟ್ಟಿ ಇಷ್ಟು ಕರಾರುವಾಕ್ಕಾಗಿ ಹೇಗೆ ಬಂತು, ಎಂಟುನೂರ ನಲವತ್ತು ಪುಸ್ತಕ, ಮೇಲೆ ದಪ್ಪಕ್ಷರದಲ್ಲಿ ಮೂರು ವರ್ಷಗಳಿಂದ ಯಾರೂ ಓದದ ಪುಸ್ತಕಗಳು ಅಂತ, ಕೊನೇ ಹಾಳೆಯ ಕೆಳಗೆ ಅವಳ ಸಹಿಗೊಂದು ಗೆರೆ. ಅದರಲ್ಲಿ ಅರ್ಧ ಹೋದರೆ ಹೋಗಲಿ, ಹಳೇ ವರದಿಗಳು, ಗೆದ್ದಲು ಬಿಟ್ಟ ಎಂಜಲು, ಆದರೆ ಕಿಟಕಿ ಪಕ್ಕದ ಕಪಾಟು, ಅದು ಪೂರ್ತಿಗೆ ಪೂರ್ತಿ, ಒಂದೂ ಬಿಡದೆ, ಹುಡುಕಿ ಹುಡುಕಿ ಕಣ್ಣಿಗೇ ಕೈ ಹಾಕಿದ ಹಾಗೆ. ತಿಮಿಂಗಿಲದ ಹೊಟ್ಟೆಯಲ್ಲಿ ಮನೆ ಮಾಡಿದ ಮುದುಕಿಯ ಕಥೆ ಕೂಡ, ಗುಬ್ಬಿ ಅನ್ನೋ ಹುಡುಗಿ ದಿನಾ ಓದೋ ಪುಸ್ತಕ, ಅದನ್ನು ಯಾರೂ ಓದಿಲ್ಲವಂತೆ! ಅವಳು ತಿಮಿಂಗಿಲವನ್ನು ಎತ್ತಿಕೊಂಡು ಹಿಂದಿನ ರಟ್ಟು ತೆರೆಯುತ್ತಾಳೆ, ರಟ್ಟಿಗೆ ಅಂಟಿಸಿದ ಚೀಲದೊಳಗಿಂದ, ಓದಲು ಒಯ್ದಾಗೆಲ್ಲ ತಾರೀಖು ಒತ್ತೋ ಕಾರ್ಡು ಎಳೆದು ತೆಗೆಯಬೇಕು, ಪ್ರತಿಯೊಂದರದ್ದೂ ತೆಗೆದು ಕಟ್ಟು ಕಟ್ಟಿ, ಪಟ್ಟಿಗೆ ಸಹಿ ಹಾಕಿ ಮೂರು ಗಂಟೆಯೊಳಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದು ಅವಳೇ — ಕಾರ್ಡು ಬಿಳೀ, ಒಂದು ಮೊಹರಿಲ್ಲ, ಒಂದು ತಾರೀಖಿಲ್ಲ, ಅದರ ಪಕ್ಕದ ಪುಟದಂಚಿನಲ್ಲಿ ಮಾತ್ರ ಪುಟ್ಟದೊಂದು ಹೆಬ್ಬೆರಳ ಕಪ್ಪು.

ಇದೂ ಬಿಳೀ, ಇದೂ, ಇದೂ, ಪುಟಗಳೆಲ್ಲ ಬೆರಳಿನ ಜಿಡ್ಡಿಗೆ ಕಂದುಗಟ್ಟಿ ಮೆತ್ತಗಾಗಿವೆ, ಕಾರ್ಡು ನೋಡಿದರೆ ನಿನ್ನೆ ಅಂಗಡಿಯಿಂದ ಬಂದ ಹಾಗಿದೆ, ಹಾಗಾದರೆ ಯಾರೋ ಕಾರ್ಡುಗಳನ್ನೇ ಬದಲಾಯಿಸಿದ್ದಾರೆ, ಲೆಕ್ಕದ ಮೇಷ್ಟ್ರೇ ಇರಬೇಕು, ಅವರ ಗೈಡುಗಳನ್ನು ಇಡೋದಕ್ಕೆ ಜಾಗ ಬೇಕಂತೆ, ಮೊನ್ನೆ ಈ ಕಿಟಕಿಯ ಹತ್ತಿರವೇ ನಿಂತು ಗೋಡೆಗೆ ಗೇಣು ಹಾಕುತ್ತಿದ್ದರು, ಏನ್ ಮಿಸ್, ಇನ್ನೂ ರಾಜಕುಮಾರ ಸಿಗಲಿಲ್ವಾ ನಿಮ್ಮ ಕಥೇಲಿ, ಸಿಕ್ಕಿದ್ದ ಸರ್, ಲೆಕ್ಕದಲ್ಲಿ ಫೇಲಾಗಿದ್ದ, ಬಿಟ್ಟೆ, ಅಂದಿದ್ದಳು ಅವಳು, ಮೇಷ್ಟ್ರು ನಕ್ಕಿದ್ದರು, ಆದರೆ ಕಣ್ಣು ನಕ್ಕಿರಲಿಲ್ಲ, ಈಗ ಅರ್ಥವಾಗುತ್ತಿದೆ. ಊಟದ ಬಿಡುವಿನಲ್ಲಿ ಗುಬ್ಬಿ ಬಂದಿತ್ತು, ನಾಲ್ಕನೇ ಕ್ಲಾಸಿನ ಹುಡುಗಿ, ನಿಂತುಕೊಂಡೇ ಓದುತ್ತೆ, ಕೂತರೆ ಕಥೆ ನಿಧಾನ ಆಗುತ್ತೆ ಮಿಸ್ ಅನ್ನುತ್ತೆ, ಬಾಗಿಲಲ್ಲಿ ಇಣುಕಿ, ಮಿಸ್, ಮುದುಕಿ ದೀಪ ಹಚ್ಚಿದ್ಲಲ್ಲ, ಹೊಗೆಗೆ ತಿಮಿಂಗಿಲ ಸೀನುತ್ತಾ, ಅಷ್ಟು ಹೇಳ್ಬಿಡಿ ಸಾಕು, ಅವಳು ಪೆಟ್ಟಿಗೆಗೆ ಬೆನ್ನು ಕೊಟ್ಟು ಮರೆಮಾಡಿಕೊಂಡು, ನಾಳೆ ಓದ್ಕೋ ಹೋಗೇ, ಬೆಲ್ಲಾಯ್ತು. ನಾಳೆ ಎಲ್ಲಿದೆ, ಈ ಪೆಟ್ಟಿಗೆಗಳ ಗಾಡಿ ಹೋಗೋದು ಕಾಗದದ ಕಾರ್ಖಾನೆಗೆ, ನೆನೆಸಿ ಅರೆದು ಮತ್ತೆ ಬಿಳೀ ಹಾಳೆ ಮಾಡುತ್ತಾರಂತೆ. ಚಿಕ್ಕವಳಿದ್ದಾಗ ಅವಳಿಗೆ ಕಥೆ ಹೇಳುತ್ತಿದ್ದ ಅಜ್ಜಿಯಾಗಿದ್ದರೆ ಕಥೆಯನ್ನು ನಡುವೆ ಬಿಡುತ್ತಿರಲಿಲ್ಲ, ಹೂಂ ಅನ್ನದಿದ್ದರೆ ಮಾತ್ರ ಬಿಡುತ್ತಿದ್ದಳು, ಹೂಂಗುಟ್ಟೇ, ಇಲ್ಲದಿದ್ದರೆ ನೀನು ಕೇಳಿದೆ ಅನ್ನೋದಕ್ಕೆ ಏನು ಸಾಕ್ಷಿ.

ಸಾಕ್ಷಿ — ಕೈಯಲ್ಲಿನ ಕಾರ್ಡು ಮತ್ತೆ ಬಿಳೀ, ಅಷ್ಟರಲ್ಲಿ ಚಪ್ಪಲಿ ಸದ್ದು, ದೊಡ್ಡ ಮೇಡಂ, ಈ ಶಾಲೆ ಪೂರ್ತಿ ಅವರ ಒಂದು ಕೆಮ್ಮಿಗೆ ಎದ್ದು ನಿಲ್ಲುತ್ತೆ, ಏನಮ್ಮಾ, ಗಾಡಿ ಗೇಟಿಗೆ ಬಂತು, ಇನ್ನೂ ಸಹಿ ಆಗಿಲ್ವಾ. ಮೇಡಂ, ಈ ಪಟ್ಟಿ ಮಾಡಿದ್ದು ಯಾರು? ಧೈರ್ಯ ಮಾಡಿ ಕೇಳಿಯೇಬಿಟ್ಟಳು, ಹೇಳಲಿ, ಮಾಮನೋ ಮೇಷ್ಟ್ರೋ. ಯಾರು ಅಂದ್ರೆ, ನೀವೇ ಅಲ್ವಾ, ಆಫೀಸಿನ ಗುಮಾಸ್ತರು ನಿಮ್ಮ ರಿಜಿಸ್ಟರನ್ನೇ ಇಟ್ಕೊಂಡು ಕೂತು ಬರೆದ್ರು, ಮೂರು ವರ್ಷದಲ್ಲಿ ಯಾವುದಕ್ಕೆ ಎಂಟ್ರಿ ಇಲ್ವೋ ಅದು. ಎಂಟ್ರಿ ಇಲ್ಲ. ಹೌದು, ಇಲ್ಲ, ಹರಿದು ತಂದರೆ ವರ್ಷ ಪೂರ್ತಿ ಆ ಮಗುವಿಗೆ ಪುಸ್ತಕವಿಲ್ಲ ಅನ್ನೋದು ಮೇಡಂ ಮಾಡಿದ ಕಾನೂನು, ಗುಬ್ಬಿಯ ತಮ್ಮ ತೊಟ್ಟಿಲಲ್ಲೇ ಒಂದು ಪುಟ ಹರಿದಿದ್ದ, ಗುಬ್ಬಿಯ ಅಳು ನೋಡಲಾರದೆ, ಶ್ ಶ್, ಬರೆಯೋದೇ ಬೇಡ, ಮನೆಗೂ ಬೇಡ, ಇಲ್ಲೇ ಓದ್ಕೋ ಅಂದವಳು ಅವಳೇ, ಆಮೇಲೆ ಗುಬ್ಬಿಯ ಗೆಳತಿಗೂ, ಆಮೇಲೆ ಇಡೀ ಕ್ಲಾಸಿಗೂ, ಯಾವುದಕ್ಕೆ ಮಕ್ಕಳ ಕಿತ್ತಾಟವೋ ಅದೆಲ್ಲ ಕಿಟಕಿ ಕಪಾಟಿಗೆ, ರಿಜಿಸ್ಟರಿಗೆ ಹೋದದ್ದು ಬರೀ ಗೈಡುಗಳು, ಅವುಗಳ ಕಾರ್ಡಿನಲ್ಲಿ ಮೊಹರಿನ ಮೇಲೆ ಮೊಹರು, ಅವು ಉಳಿದವು. ಕಳ್ಳನ ಹೆಜ್ಜೆ ಅಳೆಯೋ ಮೊದಲು ನಿನ್ನ ಕಾಲು ಅಳೆದುಕೋ ಅನ್ನುತ್ತಿದ್ದಳು ಅಜ್ಜಿ, ಅಳೆದರೆ ಕೂದಲೆಳೆಯ ವ್ಯತ್ಯಾಸವಿಲ್ಲ.

ಯಾಕಮ್ಮಾ, ಬರೀದೇ ಏನಾದ್ರೂ ಕೊಟ್ಟಿದ್ರಾ, ಹೇಳ್ಬಿಡಿ, ಪೆಟ್ಟಿಗೆ ಬಿಚ್ಚೋಣ, ಆದ್ರೆ ರಿಜಿಸ್ಟರ್ ಸುಳ್ಳು ಅಂತ ಆದ್ರೆ ನಿಮ್ಮ ಕೆಲಸ ಕಾಯಂ ಮಾಡೋ ಕಾಗದಕ್ಕೆ ನಾನು ಹೇಗೆ ಕೈ ಹಾಕಲಿ, ಅದು ಮೇಜಿನ ಮೇಲೇ ಇದೆ. ಮೇಡಂ ಮುಖದಲ್ಲಿ ಏನಿದೆ, ಇವರಿಗೆ ಮೊದಲೇ ಗೊತ್ತಿತ್ತಾ, ಗೊತ್ತಿದ್ದೇ ಮೂರು ವರ್ಷ ಬಿಟ್ಟರಾ, ಇಲ್ಲ, ಸಾಕು, ಇನ್ನೊಬ್ಬರ ಮುಖ ಓದಿದ್ದು ಸಾಕು, ಹೇಳಬೇಕು, ಕೊಟ್ಟಿದ್ದೆ ಮೇಡಂ, ಮೂರೇ ಅಕ್ಷರ, ಕೊಟ್ಟಿದ್ದೆ, ಆದರೆ ಅಮ್ಮ ಪಕ್ಕದ ಮನೆ ಅತ್ತೆಗೆ ಹೇಳಿಯಾಗಿದೆ, ನಮ್ಮ ಹುಡುಗಿಗೆ ಇನ್ನು ಚಿಂತೆಯಿಲ್ಲ ಕಣ್ರೀ, ಕಾಯಂ ಆಗ್ತಿದೆ, ಆ ಧ್ವನಿಯಲ್ಲಿ ಎಷ್ಟು ವರ್ಷದ ಆಯಾಸ ಇಳಿದಿತ್ತು — ಇಲ್ಲ ಮೇಡಂ, ಅನ್ನುತ್ತದೆ ಒಂದು ಬಾಯಿ, ಅವಳದ್ದೇ, ಯಾರೂ ಓದಿಲ್ಲ. ಸರಿ ಹಾಗಾದ್ರೆ, ಸಹಿ ಹಾಕಿ. ಮಾಮನ ಸಿಳ್ಳೆ ನಿಂತಿದೆ, ಅವನು ಅವಳನ್ನೇ ನೋಡುತ್ತಿದ್ದಾನೆ, ಗುಬ್ಬಿ ದಿನಾ ನಿಂತು ಓದೋದನ್ನು ಬಾಗಿಲಲ್ಲೇ ಕಂಡವನು, ಕೈ ಚಾಚುತ್ತಾನೆ, ತಿಮಿಂಗಿಲಕ್ಕೆ, ಅವಳು ಕೊಡುತ್ತಾಳೆ, ಪೆನ್ನು ತಗೊಳ್ಳುತ್ತಾಳೆ, ಗೆರೆಯ ಮೇಲೆ ಹೆಸರು, ಅದರ ಕೆಳಗೆ ತಾರೀಖು, ಮೂರು ವರ್ಷದಲ್ಲಿ ಆ ಪುಸ್ತಕಗಳಿಗೆ ಅವಳು ಹಾಕಿದ ಮೊದಲ ತಾರೀಖು, ಮುಗಿಯಿತು, ಒಪ್ಪಿಕೊಂಡ ಕೆಲಸ, ಮೂರಕ್ಕೆ ಇನ್ನೂ ಐದು ನಿಮಿಷವಿದೆ, ಪರ್ರ್, ಟೇಪು, ಕಾರ್ಡಿನ ಕಟ್ಟು ಮೇಜಿನ ಮೇಲೆ, ಎಲ್ಲಕ್ಕಿಂತ ಮೇಲಿನದು ಬಿಳೀ, ಬಿಳೀ, ಪುಟ್ಟದೊಂದು ಹೆಬ್ಬೆರಳ ಕಪ್ಪು ಅದರ ಪಕ್ಕದಲ್ಲಿ ಇರಬೇಕಿತ್ತು, ಬಿಳೀ