ಯಾಕೆ ಎಂದು ಕೇಳು

ಅವರೆಕಾಳಿನ ಸೊಗಡು ಫೋನಿಗೂ ಹತ್ತಿತು, ಆಂಟಿಯ ಬೆರಳು ಒದ್ದೆ, ಬೆಳಿಗ್ಗೆಯಿಂದ ನೆನೆದ ಕಾಳು ಹಿತುಕಿ ಹಿತುಕಿ ತುದಿಯೆಲ್ಲ ಸುಕ್ಕುಗಟ್ಟಿದೆ, ಆ ಬೆರಳಲ್ಲೇ ಪರದೆಯ ಮೇಲೆ ಒತ್ತಿದರು, ಕಾಳು ಹಿತುಕಿದ ಹಾಗೆಯೇ, ಏನೂ ಆಗಲಿಲ್ಲ, ಸರಳಕ್ಕ ನಕ್ಕಳು, ಅಮ್ಮಾ ಮೆತ್ತಗೆ, ಅದು ಅವರೆಕಾಳಲ್ಲ ಫೋನು, ಬೆರಳು ಒರೆಸ್ಕೊಂಡು ಮುಟ್ಟು — ಒರೆಸಿಕೊಳ್ಳಬೇಡಿ ಆಂಟಿ, ಹಾಗೇ ಬಿಟ್ಟುಬಿಡಿ, ಎದ್ದು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ, ಎಂದು ನನ್ನ ಮನಸ್ಸು ಬಡಕೊಳ್ಳುತ್ತಿದೆ, ಬಾಯಿ ಮಾತ್ರ ಮರ್ಯಾದಸ್ತ ಹುಡುಗಿಯ ಹಾಗೆ ಬಿಸ್ಕತ್ತು ಕಡಿಯುತ್ತಿದೆ. ಹಿತುಕಿದಬೇಳೆ ಸಾರು ಒಯ್ಯಲು ಬಂದವಳು ನಾನು, ಅಮ್ಮಿ ಡಬ್ಬಿ ಕೊಟ್ಟು ಕಳಿಸಿದ್ದಳು, ಎದುರುಮನೆ, ಹತ್ತು ಹೆಜ್ಜೆಯ ದಾರಿ, ಡಬ್ಬಿ ಕೊಟ್ಟು ಬಂದುಬಿಡಬಹುದಿತ್ತು, ಸರಳಕ್ಕ ಬಾಗಿಲಲ್ಲೇ ಕೈ ಹಿಡಿದಳು, ಏನೇ ತಾಹೆರಾ ಕಳ್ಳಿ, ಗೇಮ್ ಮಾಡಿದೀಯಂತೆ, ಒಂದ್ ಮಾತು ಹೇಳೋದಲ್ವಾ, ಆರ್‌ಟಿ ನಗರದ ನಮ್ಮ ಆಫೀಸಲ್ಲಿ ಮುರುಗೇಶ್ ತೋರಿಸಿದ, ನಿಮ್ಮ ಕೊಡಿಗೇಹಳ್ಳಿ ಹುಡುಗಿ ಮಾಡಿದ್ದು ಅಂತ, ನಾನು ಇನ್ನೂ ಆಡಿಲ್ಲ ಕಣೆ, ಅಮ್ಮನ ಜೊತೇನೇ ಆಡೋಣ ಅಂತ ಇಟ್ಕೊಂಡಿದೀನಿ. ಕಳ್ಳಿ ಎಂದಳು, ತಮಾಷೆಗೆ ಎಂದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ದುಪಟ್ಟಾ ಸರಿಮಾಡಿಕೊಂಡೆ.

ಇರಮ್ಮ ಮೊದ್ಲು ಜನ ಏನಂದಿದಾರೆ ಓದ್ತೀನಿ, ಸರಳಕ್ಕ ಫೋನು ಕಸಿದುಕೊಂಡಳು, ಓದಲಿ, ಎಷ್ಟು ಬೇಕಾದರೂ ಓದಲಿ, ಅಷ್ಟು ಹೊತ್ತು ಆಟ ಶುರುವಾಗುವುದಿಲ್ಲ — ಅರ್ಧ ಗಂಟೆಯ ಆಟ ಆದರೆ ಎರಡು ದಿನ ನಿದ್ದೆ ಬರಲಿಲ್ಲ, ಅಂತೆ, ಚಿತ್ರಗಳು ಸಾಧಾರಣ ಮಾತು ಮಾತ್ರ ಚೂರಿ, ಅಂತೆ, ಆಂಟಿಗೆ ಖುಷಿಯೋ ಖುಷಿ, ನಮ್ ತಾಯೇರಾನ ಬಗ್ಗೇನಾ ಇಂಗೆಲ್ಲ ಬರ್ದಿರೋದು, ಓದು ಓದು. ಈ ಅಭಿಪ್ರಾಯಗಳೆಲ್ಲ ನನಗೆ ಬಾಯಿಪಾಠ, ಯಶವಂತಪುರದಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡು, ಹೆಬ್ಬಾಳದ ಜಾಮಿನಲ್ಲಿ, ಹಬ್ಬದ ದಿನ ಕೈಯ ಮೆಹೆಂದಿ ನೋಡಿಕೊಂಡ ಹಾಗೆ ಮತ್ತೆ ಮತ್ತೆ ನೋಡಿಕೊಂಡಿದ್ದೇನೆ, ಒಬ್ಬ ಮಾತ್ರ ಬೈದಿದ್ದ, ಆಯ್ಕೆಯ ಆಟ ಅಂತೀರ, ಯಾವುದನ್ನು ಒತ್ತಿದರೂ ತಟ್ಟೆ ಖಾಲಿಯೇ, ಇದು ಮೋಸ, ಅವನಿಗೆ ನಾನು ದೊಡ್ಡ ಜ್ಞಾನಿಯ ಹಾಗೆ ಉತ್ತರ ಬರೆದಿದ್ದೆ, ಬದುಕಲ್ಲೂ ಹಾಗೇ ಅಲ್ಲವೇ ಎಂದು, ಅದಕ್ಕೂ ಜನ ಚಪ್ಪಾಳೆ ತಟ್ಟಿದ್ದರು. ಇನ್ನೊಬ್ಬಳು ಕೇಳಿದ್ದಳು, ಇದು ನಿಜವಾಗಿ ನಡೆದದ್ದೇ, ಎದುರುಮನೆಯವರು ನಿಜಕ್ಕೂ ಹಾಗಂದರೇ, ಅದಕ್ಕೆ ನಾನು ಬರೆದದ್ದು, ಥೂ, ಅದು ಸರಳಕ್ಕನ ಕಣ್ಣಿಗೆ ಬೀಳದಿರಲಿ, ಅಲ್ಲಾ, ಬೀಳದಿರಲಿ. ಆ ಆಂಟಿ ಬಾಗಿಲಿಗೆ ಕಲ್ಲು ಹೊಡೆಯೋ ಆಯ್ಕೆ ಇರಬೇಕಿತ್ತು, ಎಂದು ಓದಿದಳು ಸರಳಕ್ಕ, ಓದಿ ತಲೆ ಎತ್ತಿದಳು, ಯಾವ ಆಂಟಿನೇ, ಗೇಮಲ್ಲಿ ವಿಲನ್ ಆಂಟಿ ಇದಾಳಾ, ಇದಾಳೆ ಅಕ್ಕ, ಒಬ್ಬಳು, ಕಥೆಗೆ ಬೇಕಲ್ಲ ಎಂದೆ, ಆಂಟಿ ನಕ್ಕು ಇನ್ನೊಂದು ಬಿಸ್ಕತ್ತು ನನ್ನ ಕಡೆ ತಳ್ಳಿದರು.

ಶುರುವಾಗಿಯೇ ಬಿಟ್ಟಿತು, ಆಂಟಿ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ, ಈ-ದ್ ಅ-ಬ್ಬ, ಅಮ್ಮಿ ತಟ್ಟೆ ಕೊಟ್ಟಳು, ಅಯ್ಯೋ ಇದು ನಮ್ ಬೀದಿ ಅಲ್ವೇನೆ, ನೋಡೇ ಸರಳಾ, ನಲ್ಲಿ ನೋಡು, ಗೇಟು ನೋಡು, ನಮ್ ನೀಲಿ ಬಾಗ್ಲನ್ನ ಅಂಗೇ ಬರ್ದವ್ಳೆ, ಶಾಣೆ ಕಣೆ ನೀನು — ಬಾಗಿಲ ಬಣ್ಣವನ್ನಾದರೂ ಬದಲಿಸಬಹುದಿತ್ತು, ಹಸಿರು ಬಳಿದಿದ್ದರೆ ಏನಾಗುತ್ತಿತ್ತು, ಇಲ್ಲ, ನಿಜದ ಹಾಗೆ ಕಾಣಬೇಕಿತ್ತು ಮಹಾರಾಣಿಗೆ. ಆಟದ ಹುಡುಗಿ ಶೀರ್ ಕುರ್ಮಾದ, ಹಬ್ಬದ ಹಾಲುಶಾವಿಗೆಯ, ತಟ್ಟೆಯನ್ನು ಕಸೂತಿ ಬಟ್ಟೆಯಲ್ಲಿ ಮುಚ್ಚಿಕೊಂಡು ರಸ್ತೆ ದಾಟುತ್ತಾಳೆ, ಆ ಹುಡುಗಿ ನಾನು, ಆರನೇ ಕ್ಲಾಸು, ಹೊಸ ಚಪ್ಪಲಿ, ನಮ್ಮ ಬೀದಿಯಲ್ಲಿ ತಟ್ಟೆ ಯಾವತ್ತೂ ಖಾಲಿ ಬರುವುದಿಲ್ಲ, ನಮ್ಮದು ಅವರ ಮನೆಗೆ ಹೋದರೆ ಒಂದು ಬಾಳೆಹಣ್ಣು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಅವರ ಒಬ್ಬಟ್ಟಿನ ತಟ್ಟೆಗೆ ನಾವೂ ಅಷ್ಟೇ, ಖಾಲಿ ತಟ್ಟೆ ಕೊಟ್ಟರೆ ಮುಖಕ್ಕೆ ಹೊಡೆದ ಹಾಗೆ ಎಂದು ಅಮ್ಮಿಯೇ ಹೇಳಿಕೊಟ್ಟಿದ್ದಳು, ಆವತ್ತು ಆಂಟಿ ಕಪ್ಪು ಮುಖ ಮಾಡಿಕೊಂಡು ಬಂದು, ತಟ್ಟೆ ತೊಳೆದು, ನನ್ನ ಕೈಗಿಟ್ಟು, ಬಾಗಿಲು ಹಾಕಿಕೊಂಡರು. ಓಡಿ ಬಂದು ಅತ್ತುಬಿಟ್ಟೆ, ಅಮ್ಮಿ ತಟ್ಟೆ ಇಸಕೊಂಡು ಹೇಳಿದ್ದು ಇಷ್ಟೇ, ಬುರಾ ನಕ್ಕೊ ಸೋಂಚ್ ಮಾ, ಕೆಟ್ಟದ್ದು ಎಣಿಸಬೇಡ. ನಾನು ಎಣಿಸಿದೆ. ಇಷ್ಟು ವರ್ಷ ಎಣಿಸುತ್ತಲೇ ಇದ್ದೆ, ಆಮೇಲೆ ಅವರ ಮನೆ ಒಬ್ಬಟ್ಟು ಎಷ್ಟು ಬಂತು, ತಿಂದೆ, ಚಪ್ಪರಿಸಿದೆ, ಎಣಿಸುವುದನ್ನು ಮಾತ್ರ ಬಿಡಲಿಲ್ಲ.

ತಟ್ಟೆ ಖಾಲಿ, ಎಂದು ಓದಿ ಆಂಟಿ ನಿಲ್ಲಿಸಿದರು. ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿದರು, ಇದು ಆವತ್ತಿಂದು ಅಲ್ವೇನಮ್ಮ, ನಿನ್ಗಿನ್ನೂ ಗ್ಯಾಪ್ಕ ಅದಾ, ನಂಗೂ ಅದೆ ಕಣವ್ವ, ಆವತ್ತು ಬೆಳಿಗ್ಗೆ ತಾನೆ ನಮ್ ಮಾವನ ತಮ್ಮ ಓಗ್ಬಿಟ್ರು ಅಂತ ಊರಿಂದ ಫೋನ್ ಬಂದಿತ್ತು, ಸೂತಕ, ಸೂತಕದ ಮನೆಯಿಂದ ಅಬ್ಬದ ತಟ್ಟೆಗೆ ಏನ್ ಆಕಿ ಕೊಡ್ಲಿ ಏಳು, ಒಂದು ಕಾಳು ಸಕ್ಕರೇನೂ ಆಕೋ ಅಂಗಿಲ್ಲ, ನೀನು ಒಸ ಲಂಗ ಉಟ್ಕೊಂಡು ನಗ್ತಾ ನಿಂತಿದ್ದೆ, ಅಬ್ಬದ ದಿನ ಮಗೀಗೆ ಸಾವಿನ ಸುದ್ದಿ ಯಾಕೆ ಏಳೋದು ಅಂತ ಬಾಯಿ ಮುಚ್ಕೊಂಡೆ, ಬಾಗ್ಲು ಆಕ್ಕೊಂಡು ಒಳಗೆ ಬಂದು ಅತ್ತೆ. ಸರಳಕ್ಕ ಹೌದು ಕಣೆ ಚಿಕ್ಕಜ್ಜ ಎಂದಳು, ನಿಮ್ಮಮ್ಮ ಮಾರನೇ ದಿನ ಬಂದು ಅಮ್ಮನ ಪಕ್ಕ ಕೂತಿದ್ರಲ್ಲ, ನಿಂಗೆ ಹೇಳ್ಲಿಲ್ವಾ. ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅಮ್ಮಿ ಮಾರನೆಯ ದಿನ ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬಂದದ್ದು ಈಗ ಕಾಣುತ್ತಿದೆ, ಅವಮಾನಕ್ಕೆ ಅತ್ತಳು ಎಂದುಕೊಂಡಿದ್ದೆ, ಅದನ್ನೂ ಆಟದಲ್ಲಿ ಹಾಕಿದ್ದೇನೆ, ಅಳುವ ಅಮ್ಮಿ, ಹಿಂದೆ ಕೊಳಲು, ಅಲ್ಲೇ ಎಲ್ಲರಿಗೂ ಕಣ್ಣೀರು ಬಂದದ್ದು, ನನ್ನ ಮುಖ ಎಲ್ಲಿಟ್ಟುಕೊಳ್ಳಲಿ, ಈ ಸೋಫಾ ಬಾಯಿಬಿಟ್ಟು ನುಂಗಬಾರದೇ, ನಾಚಿಕೆ ಎನ್ನುವುದು ಇಷ್ಟು ಬಿಸಿ ಇರುತ್ತದೆಂದು ಗೊತ್ತಿರಲಿಲ್ಲ, ಕಿವಿಯಿಂದ ಕುತ್ತಿಗೆಗೆ ಇಳಿಯುತ್ತಿದೆ.

ಇದೇನೋ ಮೂರು ಕೇಳ್ತಿದೆಯಲ್ಲೇ, ಆಂಟಿ ಮತ್ತೆ ಕನ್ನಡಕ ಹಾಕಿಕೊಂಡರು, ನಕ್ಕು ಬಾ, ಸುಮ್ಮನೆ ಬಾ, ಯಾಕೆ ಎಂದು ಕೇಳು — ಒಂದನ್ನ ಒತ್ತಬೇಕಮ್ಮ, ನೀನು ಒತ್ತಿದ್ದೇ ಆಗೋದು, ಸರಳಕ್ಕ ಹೇಳಿಕೊಡುತ್ತಾಳೆ, ಆಂಟಿಯ ಮುಖ ಅರಳಿತು, ಅಯ್ಯೋ ನನ್ನ ಬಂಗಾರ, ಕೇಳ್ಬೇಕಿತ್ತು ಕಣೆ ಆವತ್ತು, ನೀನೊಂದ್ ಮಾತು ಯಾಕಾಂಟಿ ಅಂದಿದ್ರೆ ಅಲ್ಲೇ ತಬ್ಕೊಂಡು ಏಳ್ಬಿಡ್ತಿದ್ದೆ, ಮಗು ಕೇಳ್ದಂಗೆ ಓಡೋಯ್ತಲ್ಲ ಅಂತ ಎಷ್ಟು ದಿನ ಕೊರಗಿದೀನಿ, ಈಗಾದ್ರೂ ಕೇಳಿಸ್ತಿದೀಯಲ್ಲ, ಕೇಳು ಕೇಳು, ಬೆರಳು ಬಂತು, ಯಾಕೆ ಎಂದು ಕೇಳು ಎಂಬುದರ ಮೇಲೆ ಒತ್ತಿತು, ಒದ್ದೆ ಬೆರಳು, ಫೋನು ತಗೊಳ್ಳಲಿಲ್ಲ, ನನಗೆ ಉಸಿರು ಬಂತು. ಅದನ್ನು ಒತ್ತಿದರೆ ನೀಲಿ ಬಾಗಿಲು ತೆರೆಯುತ್ತದೆ, ಆಟದ ಆಂಟಿ ಹೊರಗೆ ಬರುತ್ತಾಳೆ, ಆಂಟಿಯದೇ ಸೀರೆ, ಆಂಟಿಯದೇ ಮೂಗುಬೊಟ್ಟು, ಬಾಯಿಂದ ನಾನು ಬರೆದ ಸಾಲು ಹೊರಡುತ್ತದೆ, ನಿಮ್ಮ ತಟ್ಟೆ ಮುಟ್ಟಿದ್ದೇ ಹೆಚ್ಚು, ತುಂಬಿಸಿ ಬೇರೆ ಕೊಡಬೇಕಾ. ಆಡದ ಮಾತು. ಇಡೀ ಆಟದಲ್ಲಿ ಅತಿ ಹೆಚ್ಚು ಜನ ಮೆಚ್ಚಿದ ಮಾತು, ಬರೆದ ದಿನ ನಾನೇ ಎದ್ದು ಕೋಣೆಯಲ್ಲಿ ಓಡಾಡಿದ್ದೆ, ಭಲೆ ತಾಹೆರಾ ಎಂದುಕೊಂಡು, ನಿಜವಾಗಿ ಹಾಗಂದರೇ ಎಂದು ಕೇಳಿದ ಆ ಹುಡುಗಿಗೆ ಬರೆದಿದ್ದೆನಲ್ಲ, ಹೌದು, ಅಕ್ಷರಕ್ಷರವೂ ನಿಜ, ನನಗೇ ಆಗಿದ್ದು. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಅಂತಾರೆ, ಇಲ್ಲಿ ಆಡಿದವರೇ ಇಲ್ಲ, ನಾನೇ ಆಡಿ ಅವರ ಬಾಯಿಗೆ ತುರುಕಿದೆ.

ಅಕ್ಕ ಬ್ಯಾಟರಿ ಕಮ್ಮಿಯಿದೆ ಅನಿಸುತ್ತೆ, ಎಂದೆ, ಅರ್ಧಕ್ಕಿಂತ ಜಾಸ್ತಿ ಇದೆ ಬಿಡೆ, ಆಂಟಿ ಸಾರು ಸೀದ ವಾಸನೆ, ಎಂದೆ, ಇನ್ನೂ ಒಲೆ ಮೇಲೆ ಇಟ್ಟೇ ಇಲ್ಲ ಕಣಮ್ಮ, ಕೂತ್ಕೊ ಗಾಬರಿ ಬೀಳ್ಬೇಡ, ಜನ ಎಲ್ಲ ಮೆಚ್ಚವ್ರೆ ನಾನು ಮೆಚ್ದೆ ಇರ್ತೀನಾ — ಹೇಳು, ಈಗಲೇ ಹೇಳು ಮೂಳಿ, ಆಂಟಿ ಅದು ಸುಳ್ಳು ಎನ್ನು, ಕಾಲು ಹಿಡಿ, ಫೋನು ಕಸಿದು ನೆಲಕ್ಕೆ ಹೊಡಿ, ನಾಲಿಗೆ ಬಿಸ್ಕತ್ತಿನ ಹಿಟ್ಟಾಗಿ ಅಂಗುಳಕ್ಕೆ ಅಂಟಿದೆ, ಬೆರಳು ಇನ್ನೊಂದು ಸಲ ಒತ್ತಿತು, ತಗೊಳ್ಳಲಿಲ್ಲ, ಒತ್ತಿದ್ರೂ ಆಗ್ತಿಲ್ವಲ್ಲೇ ಸರಳಾ, ಒದ್ದೆ ಅಮ್ಮ ಒದ್ದೆ, ಚೆನ್ನಾಗಿ ಒರೆಸ್ಕೊ ಅಂದ್ನಲ್ಲ, ಆಂಟಿ ಸೆರಗಿನ ತುದಿ ಹಿಡಿದರು, ಬೆರಳನ್ನು ಅದರಲ್ಲಿ ಸುತ್ತಿ ತಿರುವಿದರು, ಮಗುವಿನ ಮೂಗು ಒರೆಸಿದ ಹಾಗೆ, ಊದಿಕೊಂಡರು, ನನ್ನ ಕಡೆ ನೋಡಿ ನಕ್ಕರು, ಕೇಳ್ತೀನಿ ಇರು ಎಂದರು, ಬೆರಳು ಒಣಗಿದೆ, ಆ ಸುಕ್ಕುಬೆರಳು, ಒಣಗಿದೆ, ಯಾಕೆ ಎಂದು ಕೇಳು, ಅದರ ಮೇಲೆ ನೇರವಾಗಿ, ಬೆರಳು, ಇಳಿಯುತ್ತಿದೆ, ಒಣಗಿದ ಬೆರಳು