ಇನ್ಶಿರಾಹ್ ಖಾಲಾಳ ತಟ್ಟೆ

ರಂಜಾನ್ ಹಬ್ಬಕ್ಕೆ ಮೇಲಿನ ಮನೆಯ ಇನ್ಶಿರಾಹ್ ಖಾಲಾ ಕಹ್ಕ್ ಬಿಸ್ಕತ್ತು ತುಂಬಿ ಕಳಿಸಿದ್ದ ನೀಲಿ ಅಂಚಿನ ತಟ್ಟೆ ಇನ್ನೂ ರಾವಿಯಾಳ ಮನೆಯಲ್ಲೇ ಇತ್ತು. ಬಕ್ರೀದ್ ಕೂಡ ಕಳೆದುಹೋಗಿತ್ತು. ಗಿರಣಿಗಳ ಊರು ಮಹಲ್ಲಾದ ಆ ಓಣಿಯಲ್ಲಿ ತುಂಬಿ ಬಂದ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನಾದರೂ ಒಳ್ಳೆಯದು ಮಾಡಿ ಕಳಿಸಬೇಕು. ಅಮ್ಮ ಮೊದಲು ತುಪ್ಪದ ಬೆಲೆ ಇಳಿಯಲೆಂದು ಕಾದಳು, ಆಮೇಲೆ ಸಕ್ಕರೆಯದು. ಅಪ್ಪ ದುಡಿಯುವ ಗಿರಣಿಯಲ್ಲಿ ಓವರ್‌ಟೈಮ್ ನಿಂತ ಮೇಲೆ ಕಾಯುವುದನ್ನೂ ಬಿಟ್ಟಳು. ತಟ್ಟೆಯನ್ನು ಮಾತ್ರ ಆಗಾಗ ತೊಳೆದು ಒರೆಸಿಡುತ್ತಿದ್ದಳು.

ತಟ್ಟೆ ಉಳಿದುಕೊಂಡಿದ್ದಕ್ಕೆ ಹೋಗಿಬರುವುದೂ ನಿಂತಿತು. ತಾರಸಿಗೆ ಬಟ್ಟೆ ಒಣಹಾಕಲು ಹೋಗುವಾಗ ರಾವಿಯಾ ಖಾಲಾಳ ಬಾಗಿಲು ದಾಟುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದಳು. ಒಳಗೆ ರೇಡಿಯೋ ಹಾಡುತ್ತಿರುತ್ತಿತ್ತು. ಶಾಲೆ ಬಿಟ್ಟ ವರ್ಷ, ಜನರೆದುರು ಬಾಯಿ ಬಿಡದ ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದವಳು ಖಾಲಾ ಒಬ್ಬಳೇ. ಬಟಾಣಿ ಬಿಡಿಸುತ್ತ ಅಲ್ಲಿ ಕೂತರೆ ಹೊತ್ತು ಮುಳುಗಿದ್ದೇ ತಿಳಿಯುತ್ತಿರಲಿಲ್ಲ. ಈಗ ಸಂಜೆಗಳು ಮುಗಿಯುತ್ತಲೇ ಇರಲಿಲ್ಲ. ಆ ಬಾಗಿಲು ಇನ್ನೊಮ್ಮೆ ತನಗೆ ತೆರೆದರೆ ಸಾಕು ಎನಿಸುತ್ತಿತ್ತು.

ತರಕಾರಿ ಗಾಡಿ ಬಂದಾಗ ಖಾಲಾ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದಳು. ಅದು ಕೆಳಗೆ ಕಿಟಕಿಯಲ್ಲಿ ನಿಂತ ರಾವಿಯಾಳ ಕಣ್ಣೆದುರೇ ಇಳಿದು ಮೇಲೇರುತ್ತಿತ್ತು. ಮುಂಚೆಲ್ಲ ಟೊಮೆಟೊ, ಮೊಟ್ಟೆ, ಕಿತ್ತಳೆ ತುಂಬಿಕೊಂಡು ಭಾರವಾಗಿ ತೂಗುತ್ತ ಹೋಗುತ್ತಿತ್ತು. ಆ ದಿನ ಒಂದು ಕಟ್ಟು ಸೊಪ್ಪು ಹೊತ್ತು, ಗಾಳಿಗೆ ಗಿರಗಿರ ತಿರುಗುತ್ತ ಹೋಯಿತು.

"ಅಮ್ಮಾ, ಖಾಲಾ ಬುಟ್ಟೀಲಿ ಬರೀ ಸೊಪ್ಪಿತ್ತು. ನಿನ್ನೇನೂ ಅಷ್ಟೇ."

"ಇನ್ನೊಬ್ರ ಬುಟ್ಟಿಗೆ ಇಣುಕ್ಬಾರ್ದು ಕಣೇ," ಎಂದಳು ಅಮ್ಮ. ಆದರೆ ಸೌಟು ತಿರುವುತ್ತಿದ್ದ ಕೈ ನಿಂತಿತು.

ಒಲೆಯ ಮೇಲಿದ್ದದ್ದು ಬೆಸಾರಾ. ಬೇಳೆಗೆ ಸೊಪ್ಪು ಹಾಕಿ ಕಡೆದದ್ದು, ತಿಂಗಳ ಕೊನೆಯ ಊಟ. ರಾವಿಯಾ ನೀಲಿ ತಟ್ಟೆ ಇಳಿಸಿ ಅದಕ್ಕೆ ಬಡಿಸತೊಡಗಿದಳು.

"ಏನೇ ಮಾಡ್ತಿದ್ದೀಯ? ಅವಳು ತುಪ್ಪದ ಕಹ್ಕ್ ಕಳ್ಸಿದ್ಲು, ನಾವು ಬೆಸಾರಾ ಕಳ್ಸೋದಾ? ನನ್ನ ಮಾನ ತೆಗೀತೀಯ!"

"ಬಿಸಿಯಾಗಿದೆ ಅಮ್ಮ." ರಾವಿಯಾ ಬಡಿಸುತ್ತಲೇ ಇದ್ದಳು.

ಅಮ್ಮ ಗೊಣಗಿದಳು. ಕೊನೆಗೆ ಅಪ್ಪನಿಗೆಂದು ಎತ್ತಿಟ್ಟಿದ್ದ ಹುರಿದ ಈರುಳ್ಳಿಯನ್ನೆಲ್ಲ ಅದರ ಮೇಲೆ ಉದುರಿಸಿ, ಮುಖ ತಿರುಗಿಸಿ ನಿಂತಳು.

ರಾವಿಯಾ ಮೆಟ್ಟಿಲೇರಿ ತಟ್ಟಿದಾಗ ಖಾಲಾ ಬಾಗಿಲು ತೆರೆದಳು. ತೀರಾ ಸೊರಗಿದ್ದಳು.

"ಯಾರಮ್ಮಾ ನೀನು? ಬಾಡಿಗೆಗೆ ಮನೆ ಹುಡುಕ್ತಿದ್ದೀಯಾ?" ಎಂದಳು, ಗುರುತೇ ಇಲ್ಲದವಳಂತೆ.

ರಾವಿಯಾ ತಟ್ಟೆಯನ್ನು ಮುಂದೆ ಹಿಡಿದಳು.

"ಅಂತೂ ನಿಮ್ಮಮ್ಮನ ಕೋಪ ಇಳೀತು ಅನ್ನು."

"ಕೋಪಾನಾ? ಯಾಕೆ ಖಾಲಾ?"

"ನಾಟಕ ಆಡ್ಬೇಡ. ಈ ಸಲ ಕಹ್ಕ್‌ಗೆ ತುಪ್ಪ ಎಲ್ಲಿತ್ತು? ಎಣ್ಣೇಲಿ ಕಲ್ಸಿದ್ದೆ. ನಿಮ್ಮಮ್ಮನ ನಾಲಿಗೆಗೆ ಗೊತ್ತಾಗ್ದೇ ಇರುತ್ತಾ? ಅದಕ್ಕೇ ಮುಖ ತೋರಿಸ್ತಿಲ್ಲ ಅಂದ್ಕೊಂಡೆ."

"ನಮಗೆ ಗೊತ್ತೇ ಆಗ್ಲಿಲ್ಲ. ತಟ್ಟೇಲಿ ಉಳಿದ ಸಕ್ಕರೇನೂ ನಾನೇ ನೆಕ್ಕಿದೆ. ಕಳಿಸೋಕೆ ಮನೇಲಿ ಏನೂ ಇರ್ಲಿಲ್ಲ ಖಾಲಾ, ಅದಕ್ಕೇ..."

ಖಾಲಾ ಅವಳನ್ನೇ ನೋಡಿದಳು. ಆಮೇಲೆ ಕಿವಿ ಹಿಂಡಿ ಒಳಗೆಳೆದುಕೊಂಡಳು. "ಅಮ್ಮ ಮಗಳು ಇಬ್ರೂ ಕತ್ತೆಗಳು. ಮೂರನೇದು ನಾನು."

ಇಬ್ಬರೂ ರೊಟ್ಟಿ ಮುರಿದು ಒಂದೇ ತಟ್ಟೆಗೆ ಕೈಹಾಕಿದರು. ಎರಡು ತುತ್ತು ನುಂಗಿದ ಖಾಲಾ ಎದ್ದುಹೋಗಿ ಬಾಲ್ಕನಿಯಿಂದ ಬಗ್ಗಿ ರಾವಿಯಾಳ ಅಮ್ಮನನ್ನು ಕೂಗಿದಳು:

"ಉಮ್ಮ್ ರಾವಿಯಾ! ಉಪ್ಪು ಹಾಕೋದ್ನೇ ಮರ್ತಿದ್ದೀಯಲ್ಲೇ!"

ರಾವಿಯಾ ಕೈಯ ರೊಟ್ಟಿ ಕೆಳಗಿಟ್ಟು ಬಾಲ್ಕನಿಯತ್ತ ತಿರುಗಿದಳು.

ಕೆಳಗಿನಿಂದ ಅಮ್ಮನ ದನಿ ಬಂತು, ತುಸು ಒಡೆದಿತ್ತು. "ಉಪ್ಪೇನು ಬಿಟ್ಟಿ ಬರುತ್ತೇನೇ? ಇರು, ತರ್ತೀನಿ. ನನಗೂ ಒಂದಿಷ್ಟು ಉಳಿಸಿ!"

ರಾವಿಯಾ ತಟ್ಟೆಯ ಒಂದು ಬದಿಯ ಬೆಸಾರಾವನ್ನು ಬೆರಳಿನಿಂದ ಮೆಲ್ಲಗೆ ಅಮ್ಮನಿಗೆಂದು ಬೇರೆಯಾಗಿ ಸರಿಸಿ, ಮೆಟ್ಟಿಲ ಕಡೆಗೆ ಕಿವಿಗೊಟ್ಟು ಕೂತಳು.