ಕೀಲಿನೊಳಗಿನ ಬಿಸಿ

ನನ್ನ ಅಣ್ಣ ಎಲ್ಮರ್ ತೀರಿಕೊಂಡು ಆ ಶನಿವಾರಕ್ಕೆ ಒಂದು ವರ್ಷ ತುಂಬುತ್ತಿತ್ತು. ವರ್ಷದ ಊಟಕ್ಕೆ ಮೂಸ್ ಕಡವೆಯ ಮಾಂಸ ಇರಲೇಬೇಕು. ಅಂಗಡಿಯ ಕೋಳಿ ಬೇಯಿಸಿಟ್ಟು ಸತ್ತವನನ್ನು ಊಟಕ್ಕೆ ಕರೆಯುವಷ್ಟು ನಾಚಿಕೆಗೆಟ್ಟವರು ಕೊಯುಕುಕ್ ನದಿಯ ದಂಡೆಯಲ್ಲಿ ಇನ್ನೂ ಹುಟ್ಟಿಲ್ಲ. ಮೊದಲ ತುಂಡು ಬೆಂಕಿಗೆ, ಅಂದರೆ ಅವನಿಗೆ, ಆಮೇಲೆ ಊರಿಗೆ. ಎಲ್ಮರ್‌ಗೆ ತೊಡೆಯ ಮಾಂಸವೇ ಆಗಬೇಕು, ಬೇರೆ ಕೊಟ್ಟರೆ ಬದುಕಿದ್ದಾಗಲೂ ತಟ್ಟೆ ತಳ್ಳುತ್ತಿದ್ದ. ಅದಕ್ಕೇ ಅರವತ್ತರ ಅಂಚಿನ ನಾನು ಅವನ ಮಗಳ ಗಂಡ ಡೆಲ್ಬರ್ಟ್‌ನನ್ನು ಕಟ್ಟಿಕೊಂಡು, ದೋಣಿಯಲ್ಲಿ ಎರಡು ದಿನದ ದಾರಿ ಮೇಲಕ್ಕೆ ಹೋದೆ.

ಸಂಜೆ ಒಂದು ಗಂಡು ಕಡವೆ ಸಿಕ್ಕಿತು. ಡೆಲ್ಬರ್ಟ್‌ನ ಗುಂಡು ಎದೆಗಿಂತ ಸ್ವಲ್ಪ ಹಿಂದಕ್ಕೆ ಬಿತ್ತು, ಅದು ಪೊದೆ ಹೊಕ್ಕಿತು. ನಮಗೆ ಮತ್ತೆ ಸಿಕ್ಕಿದ್ದು ಬೆಳಗಾದ ಮೇಲೆ. ಎಡಮಗ್ಗುಲಾಗಿ ಸತ್ತು ಬಿದ್ದಿತ್ತು, ಚರ್ಮ ಮೈಮೇಲೇ ಇತ್ತು. ಸೆಪ್ಟೆಂಬರ್ ಬಂದರೂ ಆ ವರ್ಷ ಸೆಕೆ ಬಿಟ್ಟಿರಲಿಲ್ಲ. ಸುಲಿಯುವಾಗ ಎಡತೊಡೆಗೆ ಕೈಯಿಟ್ಟೆ. ಒಲೆಯಿಂದ ಈಗಷ್ಟೇ ಇಳಿಸಿದ ಪಾತ್ರೆಯ ಹಾಗಿತ್ತು. ಹೀಗೆ ಚರ್ಮದೊಳಗೆ ತನ್ನದೇ ಬಿಸಿಗೆ ಬೆಂದ ಮಾಂಸ ಹೊರಗೆ ನೋಡಲು ಚೆಂದವಾಗಿಯೇ ಇರುತ್ತದೆ. ಹುಳಿಯಾಗುವುದು ಒಳಗೆ, ಕೀಲಿನಲ್ಲಿ, ಮೂಳೆಯ ಪಕ್ಕದಲ್ಲಿ.

ಆದರೆ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಕಡವೆಯ ಮಾಂಸದ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಅದಕ್ಕೆ ಕೇಳಿಸುತ್ತದೆ. ಆಮೇಲೆ ಆ ಮನೆಯವರ ಕಣ್ಣಿಗೆ ಇನ್ನೊಂದು ಕಡವೆ ಬೀಳುವುದಿಲ್ಲ.

"ಅಯ್ಯಪ್ಪಾ, ಏನ್ ಭಾರ ಅತ್ತೆ ಇದು! ಸೊಂಟ ಮುರ್ದೋಯ್ತು," ಎಂದ ಡೆಲ್ಬರ್ಟ್, ಕಾಲೊಂದನ್ನು ದೋಣಿಗೆ ಎತ್ತುತ್ತ.

"ಬಾಯ್ ಮುಚ್ಚೋ! ಎಲುಬಿಲ್ಲದ ನಾಲಿಗೆ ಅಂತ ಹೆಂಗ್ ಬೇಕೋ ಹಂಗ್ ಆಡ್ಬೇಡ. ಆಂಕರೇಜ್‌ನಲ್ಲಿ ಬೆಳೆದೋನು ಅಂತ ಅದು ನಿನ್ನ ಬಿಟ್ಬಿಡಲ್ಲ."

ಪಾಪ, ಅವನು ಪೆಚ್ಚುಮೋರೆ ಹಾಕಿಕೊಂಡ. ಒಳ್ಳೆಯ ಹುಡುಗಿಗೆ ಸಿಕ್ಕ ಒಳ್ಳೆಯ ಗಂಡ ಅವನು. ನನ್ನ ಹೆದರಿಕೆಯೆಲ್ಲ ಅವನ ತಲೆಯ ಮೇಲೆ ಬೀಳುತ್ತಿತ್ತು.

ದೋಣಿಯಲ್ಲಿ ಸೊಪ್ಪಿನ ಕೊಂಬೆ ಹಾಸಿ ಮಾಂಸ ಇಟ್ಟೆವು, ಮೇಲೆ ಬಿಸಿಲು ಬೀಳದಂತೆ ಬಟ್ಟೆ ಎಳೆದೆವು. ನದಿಯಲ್ಲಿ ನೀರು ಕಡಿಮೆ. ತಿರುವಿಗೊಂದು ಮರಳದಿಣ್ಣೆ. ಇಳಿದು ತಳ್ಳು, ಹತ್ತು, ಮತ್ತೆ ಇಳಿ. ಒಂದೊಂದು ಸಲ ಸಿಕ್ಕಿಕೊಂಡಾಗಲೂ ಗಾಳಿ ನಿಲ್ಲುತ್ತಿತ್ತು, ನೊಣ ಮುತ್ತುತ್ತಿತ್ತು. ಡೆಲ್ಬರ್ಟ್ ಅತ್ತ ತಿರುಗಿದಾಗ ನಾನು ಕಳ್ಳಿಯ ಹಾಗೆ ಬಟ್ಟೆಯೊಳಗೆ ಕೈ ತೂರಿಸಿ ಎಡತೊಡೆ ಮುಟ್ಟುತ್ತಿದ್ದೆ.

ಮಧ್ಯಾಹ್ನ ಮೀನುಗಾರರ ಪಾಳುಬಿದ್ದ ಗುಡಿಸಲ ಹತ್ತಿರ ಚಹಾ ಕಾಯಿಸಿದೆವು. ಡೆಲ್ಬರ್ಟ್ ಮೆಲ್ಲಗೆ ಕೇಳಿದ, "ಅತ್ತೆ, ಕೀಲಲ್ಲಿ ಇನ್ನೂ ಬಿಸಿ ಇದೆ ಅನ್ಸುತ್ತೆ. ಎರಡೂ ತೊಡೆ ಮೂಳೆವರೆಗೂ ಸೀಳಿ ಗಾಳಿಗೆ ಬಿಡೋಣ್ವಾ? ಅರ್ಧ ಗಂಟೆ ಕೆಲ್ಸ. ನೆರಳೂ ಇದೆ."

ಅವನೂ ಮುಟ್ಟಿ ನೋಡಿದ್ದನೆಂದು ಆಗ ಗೊತ್ತಾಯಿತು. ಬೆಳಗಿನಿಂದ ನನ್ನ ಕೈಯೂ ಚಾಕುವಿಗಾಗಿ ತುಡಿಯುತ್ತಿತ್ತು.

"ಸೀಳೋದು ಅಂದ್ರೆ, ನೀನು ಕೆಟ್ಟೋಗಿದೀಯ ಅಂತ ಅದರ ಮುಖಕ್ಕೇ ಹೇಳ್ದಂಗೆ. ಬೇಡ," ಎಂದೆ.

"ಸುಮ್ನೆ ಗಾಳಿಗೆ ಅಂತ..."

"ಬೇಡ ಅಂದ್ನಲ್ಲ!"

ಅವನು ಚಹಾ ಚೆಲ್ಲಿ ಎದ್ದ. ಮರುದಿನವೆಲ್ಲ ನಾವು ಮಾತಾಡಿದ್ದು ಮರಳದಿಣ್ಣೆಯ ಬಗ್ಗೆ ಮಾತ್ರ. ಎಲ್ಮರ್ ಬೆಂಕಿಯ ಪಕ್ಕ ಹಸಿದು ಕುಳಿತು ತಟ್ಟೆ ತಳ್ಳುವುದು ನನ್ನ ಕಣ್ಣಿಗೆ ಕಟ್ಟಿತ್ತು. ಅನ್ನಿಸಿದ್ದನ್ನು ಅನ್ನಲಾಗದೆ ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಹಿಂಸೆ ನನ್ನ ಶತ್ರುವಿಗೂ ಬೇಡ.

ಶುಕ್ರವಾರ ಮಧ್ಯಾಹ್ನ ಊರು ಮುಟ್ಟಿದೆವು. ಎಂಬತ್ತು ದಾಟಿದ ಹೇಜಲ್ ಚಿಕ್ಕಮ್ಮ ದಡದಲ್ಲಿ ಹಲಗೆ ಹಾಕಿ, ಚಾಕು ಮಸೆದು ಕಾಯುತ್ತಿದ್ದಳು. ಮೊದಲು ಹಲಗೆಗೆ ಬಂದದ್ದು ಎಡತೊಡೆ. ಅವಳು ನೇರವಾಗಿ ಕೀಲಿಗೇ ಚಾಕು ಇಳಿಸಿದಳು. ಒಂದು ಹೆಜ್ಜೆ ದೂರದಲ್ಲಿದ್ದ ನನಗೂ ಹುಳಿ ವಾಸನೆ ಬಡಿಯಿತು.

ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದಳು.

"ಯಾವಾಗಿಂದ ಗೊತ್ತಿತ್ತು?"

"ಸುಲಿದಾಗ್ಲಿಂದ."

"ಮತ್ಯಾಕೆ ಸೀಳ್ಲಿಲ್ಲ?"

"ಕೆಟ್ಟ ಮಾತು ಆಡಬಾರ್ದಲ್ಲ ಚಿಕ್ಕಮ್ಮ..."

"ಆಡಬಾರ್ದು ಅಂದ್ರು ಕಣೇ ಲೋರ್ನಾ, ಕೊಯ್ಬಾರ್ದು ಅಂದ್ರಾ? ಹಿರೀಕ್ರು ಕಟ್ಟು ಹಾಕಿದ್ದು ನಾಲಿಗೆಗೆ, ಚಾಕುಗಲ್ಲ. ಮೈ ಕೊಟ್ಟ ಪ್ರಾಣೀನ ಹುಳಿ ಹಿಡ್ಸೋದಕ್ಕಿಂತ ದೊಡ್ಡ ಬೈಗುಳ ಇದೆಯಾ?"

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ನಿಯಮ ಕಾಪಾಡಿದೆನೆಂದು ಬೀಗುತ್ತ ನಾನು ಕಾಪಾಡಿದ್ದು ನನ್ನ ಹಟವನ್ನು. ಅರ್ಧ ಗಂಟೆಯ ಕೆಲಸ ಎಂದು ಡೆಲ್ಬರ್ಟ್ ಹೇಳಿದ್ದ.

ಉಳಿದಿದ್ದು ಬಲತೊಡೆ. ಚಿಕ್ಕಮ್ಮ ಚಾಕು ನನ್ನ ಕೈಗಿಟ್ಟಳು. ನಾನು ಅದನ್ನು ಡೆಲ್ಬರ್ಟ್‌ಗೆ ಕೊಟ್ಟೆ.

"ನಿನ್ನ ಮಾತು ಕೇಳ್ಬೇಕಿತ್ತು ಕಣಪ್ಪ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವನು ಮಂಡಿಯೂರಿ ಮೂಳೆಯವರೆಗೂ ಸೀಳಿದ. ಎರಡು ಬೆರಳು ಒಳಗಿಟ್ಟು, ಮೂಗಿನ ಹತ್ತಿರ ತಂದ. ಇನ್ನೊಮ್ಮೆ ಇಟ್ಟು ಇನ್ನೊಮ್ಮೆ ತಂದ. ನನ್ನ ಮುಖ ನೋಡಿ ಸುಮ್ಮನಾದ. ನಾನೇ ಅವನ ಬಾಯಿ ಕಟ್ಟಿದ್ದೆನಲ್ಲ.

"ಹೇಳೋ ಮಾರಾಯ, ಜೀವ ಹೋಗ್ತಿದೆ!"

"ಮಾವ ಉಣ್ಬೋದು ಅತ್ತೆ," ಎಂದ.